ಬೇಡದ ಕೂದಲು: ಮೈಯ ಯಾವ ಜಾಗಕ್ಕೆ ಯಾವ ವಿಧಾನ?

ಕೂದಲು ತೆಗೆಯುವ ವಿಧಾನ ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ದಿನ ನುಣುಪಾಗಿರುತ್ತದೆ ಎಂದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆಮೇಲೆ ಚರ್ಮದ ಮೇಲೆ ಏನು ಉಳಿಯುತ್ತದೆ? ಮತ್ತೆ ಬಂದ ಕೂದಲನ್ನು ಮತ್ತೆ ತೆಗೆಯಬಹುದು. ಸುಟ್ಟ ಗಾಯ, ಒಳಗೇ ಸಿಕ್ಕಿಕೊಂಡ ಕೂದಲು, ಕೆರಳಿದ ಗುಳ್ಳೆ ಬಿಟ್ಟುಹೋಗುವ ಕಪ್ಪು ಕಲೆ ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮದಲ್ಲಿ ಈ ಕಲೆ ಬೇಗ ಕೂರುತ್ತದೆ. ಹಾಗಾಗಿ ಈ ಬರಹದಲ್ಲಿ ಪ್ರತಿ ವಿಧಾನವನ್ನೂ ಬಾಳಿಕೆಯ ಜೊತೆಗೆ ಅದು ಬಿಟ್ಟುಹೋಗುವ ಗುರುತಿನಿಂದಲೂ ತೂಗಿದ್ದೇವೆ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದು ಸುಲಭ. ಪ್ರತಿ ಕೂದಲಿಗೂ ಬೆಳೆಯುವ ಕಾಲ, ಬೆಳವಣಿಗೆ ನಿಲ್ಲುವ ಕಾಲ, ಸುಮ್ಮನಿದ್ದು ಉದುರುವ ಕಾಲ ಎಂದು ಮೂರು ಹಂತಗಳಿವೆ. ಎಲ್ಲ ಕೂದಲೂ ಒಂದೇ ಹಂತದಲ್ಲಿ ಇರುವುದಿಲ್ಲ. ಮೇಲ್ತುಟಿಯಲ್ಲಿ ಯಾವಾಗ ನೋಡಿದರೂ ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತಿರುತ್ತವೆ. ಕಾಲಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ವ್ಯಾಕ್ಸ್ ಮಾಡಿಸಿದ ಎರಡೇ ವಾರಕ್ಕೆ ಕಾಲಿನಲ್ಲಿ ಅಲ್ಲಲ್ಲಿ ಕೂದಲು ಕಾಣಿಸಿದರೆ ಅದು ಮಾಡಿದವರ ತಪ್ಪೇ ಆಗಬೇಕಿಲ್ಲ. ಅಂದು ಚರ್ಮದ ಕೆಳಗೆ ಇದ್ದ ಕೂದಲು ಈಗ ಮೇಲೆ ಬಂದಿದೆ, ಅಷ್ಟೆ. ಲೇಸರ್ ಒಂದೇ ಸಲಕ್ಕೆ ಮುಗಿಯದಿರುವುದಕ್ಕೂ ಇದೇ ಕಾರಣ.

ರೇಜರ್ ಮತ್ತು ಟ್ರಿಮ್ಮರ್

ಬೋಳಿಸಿದರೆ ಕೂದಲು ದಪ್ಪವಾಗುತ್ತದೆ, ಹೆಚ್ಚುತ್ತದೆ ಎಂಬ ನಂಬಿಕೆ ಎಷ್ಟೋ ಜನರನ್ನು ಸುಲಭದ ವಿಧಾನದಿಂದಲೇ ದೂರ ಇಟ್ಟಿದೆ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಇದನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲ ಎಂದು ತೋರಿಸಿದರು. ಬ್ಲೇಡ್ ಇರುವುದು ಚರ್ಮದ ಮೇಲೆ, ಕೂದಲು ಹುಟ್ಟುವುದು ಚರ್ಮದ ಕೆಳಗೆ. ಸಹಜವಾದ ಕೂದಲಿನ ತುದಿ ಚೂಪಾಗಿ ಸಣ್ಣಗಿರುತ್ತದೆ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ. ಕೈಗೆ ಒರಟು ಅನಿಸುವುದು ಆ ಮೊಂಡು ತುದಿ.

ರೇಜರ್‌ನ ನಿಜವಾದ ಕಷ್ಟಗಳು ಬೇರೆ. ಒಂದರಿಂದ ಮೂರು ದಿನದೊಳಗೆ ಮತ್ತೆ ಚುಚ್ಚತೊಡಗುತ್ತದೆ. ಒಣ ಚರ್ಮದ ಮೇಲೆ, ಹಳೆಯ ಬ್ಲೇಡಿನಿಂದ, ಕೂದಲಿಗೆ ಎದುರಾಗಿ ಒತ್ತಿ ಎಳೆದರೆ ತರಚುತ್ತದೆ, ಉರಿಯುತ್ತದೆ, ಗುಳ್ಳೆ ಏಳುತ್ತದೆ. ಸರಿಯಾದ ಕ್ರಮ ಹೀಗೆ: ಎರಡು ಮೂರು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಶೇವಿಂಗ್ ಕ್ರೀಮ್ ಅಥವಾ ಜೆಲ್ ಹಚ್ಚಿ, ಕೂದಲು ಮಲಗಿರುವ ದಿಕ್ಕಿನಲ್ಲೇ ಹಗುರವಾಗಿ ಎಳೆಯಬೇಕು. ಪ್ರತಿ ಎಳೆತಕ್ಕೂ ಬ್ಲೇಡ್ ತೊಳೆಯಬೇಕು. ಐದಾರು ಸಲ ಬಳಸಿದ ಮೇಲೆ ಬ್ಲೇಡ್ ಬದಲಿಸಬೇಕು. ರೇಜರನ್ನು ಬಚ್ಚಲಿನ ಹಸಿಯಲ್ಲಿ ಬಿಡದೆ ಒಣಗುವ ಜಾಗದಲ್ಲಿಡಬೇಕು. ಇನ್ನೊಬ್ಬರ ರೇಜರ್ ಎಂದಿಗೂ ಬೇಡ. ರಕ್ತದಿಂದ ಹರಡುವ ಸೋಂಕುಗಳಿಗೆ ಅದೊಂದು ನೇರ ದಾರಿ.

ಗುಂಗುರು ಕೂದಲಿನ ಗಂಡಸರಿಗೆ ಗಡ್ಡದ ಜಾಗದಲ್ಲಿ, ಅದರಲ್ಲೂ ಕುತ್ತಿಗೆಯ ಮೇಲೆ, ಸದಾ ಗುಳ್ಳೆ ಬರುತ್ತಿದ್ದರೆ ಅದಕ್ಕೆ ಕೊಳೆ ಕಾರಣವಲ್ಲ. ತೀರಾ ಹತ್ತಿರದಿಂದ ಕತ್ತರಿಸಿದ ಕೂದಲು ಬಾಗಿ ಬೆಳೆದು ಮತ್ತೆ ಚರ್ಮದೊಳಗೇ ಹೊಕ್ಕಿರುತ್ತದೆ. ಹಲವು ಬ್ಲೇಡಿನ ರೇಜರ್ ಇದನ್ನು ಹೆಚ್ಚಿಸುತ್ತದೆ: ಮೊದಲ ಬ್ಲೇಡ್ ಕೂದಲನ್ನು ಮೇಲಕ್ಕೆತ್ತುತ್ತದೆ, ಮುಂದಿನದು ಕತ್ತರಿಸುತ್ತದೆ, ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಇಂಥವರಿಗೆ ಒಂದು ಮಿಲಿಮೀಟರ್‌ನಷ್ಟು ಬಿಡುವ ಟ್ರಿಮ್ಮರ್ ಒಳ್ಳೆಯದು. ಕೆರಳಿಕೆ ಜೋರಾಗಿದ್ದರೆ ನಾಲ್ಕು ವಾರವಾದರೂ ಬೋಳಿಸುವುದನ್ನೇ ನಿಲ್ಲಿಸಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಲೇಸರ್‌ಗೆ ಹೋಗಲು ಇದು ಬಲವಾದ ಕಾರಣ.

ಟ್ರಿಮ್ಮರ್‌ಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ನುಣುಪು ಬರುವುದಿಲ್ಲ, ನಿಜ. ಆದರೆ ಚರ್ಮ ಮುಟ್ಟದೆ ಕೆಲಸ ಮುಗಿಸುವುದು ಅದೊಂದೇ. ಜನನಾಂಗದ ಸುತ್ತ, ಗಂಡಸರ ಎದೆ ಮತ್ತು ಹೊಟ್ಟೆ, ಮೂಗು ಮತ್ತು ಕಿವಿ, ಮಚ್ಚೆಯ ಮೇಲಿನ ಕೂದಲು – ಇಲ್ಲೆಲ್ಲ ಮೊದಲ ಆಯ್ಕೆ ಅದೇ ಆಗಬೇಕು. ಶಸ್ತ್ರಚಿಕಿತ್ಸೆಯ ಮುನ್ನ ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್‌ನಿಂದ ಮಾತ್ರ ತೆಗೆಯಿರಿ, ಬೋಳಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ರೇಜರ್ ಮಾಡುವ, ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಸೇರುತ್ತದೆ ಎಂಬುದೇ ಅದರ ಹಿಂದಿನ ಕಾರಣ.

ಕೂದಲು ಕರಗಿಸುವ ಕ್ರೀಮ್

ಇದರಲ್ಲಿ ಕೆಲಸ ಮಾಡುವುದು ಥಯೋಗ್ಲೈಕೊಲೇಟ್ ಲವಣಗಳು. ಕೂದಲಿಗೆ ಗಟ್ಟಿತನ ಕೊಡುವ ಕೆರಾಟಿನ್‌ನೊಳಗಿನ ಗಂಧಕದ ಕೊಂಡಿಗಳನ್ನು ಅವು ಮುರಿಯುತ್ತವೆ. ಕೂದಲು ಮೆತ್ತಗಾಗಿ ಒರೆಸಿದರೆ ಬರುತ್ತದೆ. ಚರ್ಮದ ಮೇಲ್ಪದರದಲ್ಲಿ ಇರುವುದೂ ಕೆರಾಟಿನ್ನೇ. ಕ್ರೀಮಿನ ಕ್ಷಾರತೆಯೂ ಜೋರು, ಪಿಎಚ್ ಸುಮಾರು 12. ಆದ್ದರಿಂದ ಗಡಿಯಾರ ನೋಡದೆ ಕ್ರೀಮ್ ಹಚ್ಚಲೇಬಾರದು. ಸಾಮಾನ್ಯವಾಗಿ ಮೂರರಿಂದ ಹತ್ತು ನಿಮಿಷ. ಪೊಟ್ಟಣದ ಮೇಲೆ ಬರೆದ ಗರಿಷ್ಠ ಸಮಯ ದಾಟಬಾರದು. ಕೂದಲು ಇನ್ನೂ ಉಳಿದಿದೆ ಎಂದು ಅಲ್ಲೇ ಮತ್ತೊಂದು ಸುತ್ತು ಹಚ್ಚುವುದರಿಂದಲೇ ಹೆಚ್ಚಿನ ಸುಟ್ಟ ಗಾಯಗಳಾಗುತ್ತವೆ. ಎರಡನೆಯ ಸುತ್ತಿಗೆ ಮೂರು ದಿನವಾದರೂ ಕಾಯಿರಿ.

ಹಿಂದಿನ ದಿನವೇ ಆ ಜಾಗದ ಮೂಲೆಯೊಂದಕ್ಕೆ ಸ್ವಲ್ಪ ಹಚ್ಚಿ, ತೊಳೆದು, 24 ಗಂಟೆ ನೋಡಬೇಕು. ಕಾಲಿನ ಕ್ರೀಮನ್ನು ಮುಖಕ್ಕೆ ಹಚ್ಚಬಾರದು, ಎರಡರ ಬಲ ಬೇರೆ. ಕಣ್ಣಿನ ಹತ್ತಿರ, ಮೂಗಿನ ಒಳಗೆ, ಜನನಾಂಗದ ತೇವದ ಚರ್ಮ, ಗುದದ ಸುತ್ತ, ಗಾಯ ಅಥವಾ ಕಜ್ಜಿ ಇರುವ ಕಡೆ ಬೇಡವೇ ಬೇಡ. ಬಿಸಿನೀರಿನ ಸ್ನಾನದ ಬೆನ್ನಿಗೇ ಹಚ್ಚಿದರೆ ಉರಿ ಹೆಚ್ಚು. ಬಾಳಿಕೆ ರೇಜರ್‌ಗಿಂತ ಒಂದೆರಡು ದಿನ ಜಾಸ್ತಿ. ನೋವಿಲ್ಲದೆ ಕಾಲು ಕೈ ನುಣುಪಾಗಬೇಕು, ಚರ್ಮ ಬೇಗ ಕೆರಳುವುದಿಲ್ಲ ಎನ್ನುವವರಿಗೆ ಚೆನ್ನಾಗಿ ಒಗ್ಗುತ್ತದೆ. ಮುಖಕ್ಕೆ ನಾವು ಇದನ್ನು ಕೊನೆಯ ಸಾಲಿನಲ್ಲಿ ಇಡುತ್ತೇವೆ.

ಬ್ಲೀಚ್ ಕೂದಲನ್ನು ತೆಗೆಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಣ್ಣ ಕಳೆಯುತ್ತದೆ. ತಿಳಿ ಚರ್ಮದಲ್ಲಿ ಕೂದಲು ಮರೆಯಾಗುತ್ತದೆ. ಕಪ್ಪು ಚರ್ಮದ ಮೇಲೆ ಹೊಂಬಣ್ಣದ ಕೂದಲು ಎದ್ದು ಕಾಣುತ್ತದೆ.

ಬುಡಸಮೇತ ಕೀಳುವ ವಿಧಾನಗಳು

ವ್ಯಾಕ್ಸ್, ಸಕ್ಕರೆ ಪಾಕ, ಎಪಿಲೇಟರ್, ದಾರ, ಚಿಮುಟ – ಇವೆಲ್ಲ ಮಾಡುವುದು ಒಂದೇ ಕೆಲಸ. ನುಣುಪು ಮೂರರಿಂದ ಆರು ವಾರ. ಅಪಾಯವೂ ಒಂದೇ ಬಗೆಯದು: ಕೂದಲು ಬುಡದಿಂದ ಬರದೆ ಚರ್ಮದೊಳಗೆ ತುಂಡಾದರೆ ಒಳಗೇ ಬೆಳೆದು ಗುಳ್ಳೆಯಾಗುತ್ತದೆ, ಆಮೇಲೆ ಕಲೆಯಾಗುತ್ತದೆ. ಹಾಗಾಗಿ ಇಲ್ಲಿ ಗೆಲುವು ಸೋಲು ಎಳೆಯುವ ರೀತಿಯಲ್ಲಿದೆ.

ವ್ಯಾಕ್ಸ್‌ಗೆ ಕೂದಲು ಸುಮಾರು ಆರು ಮಿಲಿಮೀಟರ್ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಹಿಡಿತ ಸಿಗದು, ತೀರಾ ಉದ್ದವಾದರೆ ನೋವು ಹೆಚ್ಚು, ಮೊದಲೇ ಕತ್ತರಿಸಿಕೊಳ್ಳಬೇಕು. ಚರ್ಮ ಒಣಗಿರಬೇಕು, ಎಣ್ಣೆ ಲೋಷನ್ ಇರಬಾರದು. ಮಣಿಕಟ್ಟಿನ ಒಳಭಾಗದಲ್ಲಿ ಬಿಸಿ ನೋಡಿ, ಕೂದಲು ಬೆಳೆದ ದಿಕ್ಕಿಗೆ ತೆಳ್ಳಗೆ ಹಚ್ಚಿ, ಒಂದು ಕೈಯಿಂದ ಚರ್ಮ ಬಿಗಿಹಿಡಿದು, ಇನ್ನೊಂದು ಕೈಯಿಂದ ಪಟ್ಟಿಯನ್ನು ಎದುರು ದಿಕ್ಕಿಗೆ ಚರ್ಮಕ್ಕೆ ಸಮಾನಾಂತರವಾಗಿ ಒಂದೇ ಬೀಸಿಗೆ ಎಳೆಯಬೇಕು. ಪಟ್ಟಿಯನ್ನು ನೇರ ಮೇಲಕ್ಕೆತ್ತಿದರೆ ಕೂದಲು ತುಂಡಾಗುತ್ತದೆ, ಚರ್ಮ ಕಂದುತ್ತದೆ. ಒಂದೇ ಜಾಗದಲ್ಲಿ ಎರಡು ಸಲಕ್ಕಿಂತ ಹೆಚ್ಚು ಎಳೆದರೆ ಚರ್ಮದ ಮೇಲ್ಪದರವೇ ಕಿತ್ತು ಬರುತ್ತದೆ. ಉಳಿದ ನಾಲ್ಕು ಕೂದಲಿಗೆ ಚಿಮುಟ ಸಾಕು. ಕಂಕುಳು, ತೊಡೆಸಂದು, ಮೇಲ್ತುಟಿಗೆ ಪಟ್ಟಿಯಿಲ್ಲದ ಗಟ್ಟಿ ವ್ಯಾಕ್ಸ್ ಮೇಲು. ಅದು ತಣಿದು ಗಟ್ಟಿಯಾಗುತ್ತ ಕೂದಲನ್ನು ಹಿಡಿಯುತ್ತದೆ, ಚರ್ಮಕ್ಕೆ ಕಡಿಮೆ ಅಂಟುತ್ತದೆ. ಕಾಲು ಕೈಗೆ ಪಟ್ಟಿಯ ವ್ಯಾಕ್ಸ್ ಬೇಗ ಮುಗಿಯುತ್ತದೆ.

ಸಕ್ಕರೆ, ನಿಂಬೆರಸ, ನೀರು ಸೇರಿಸಿ ಕಾಯಿಸಿದ ಪಾಕವನ್ನು ಬಳಸುವ ಕ್ರಮ ಇದಕ್ಕೆ ತಿರುವುಮುರುವು: ಹಚ್ಚುವುದು ಕೂದಲಿಗೆ ಎದುರಾಗಿ, ಎಳೆಯುವುದು ಕೂದಲು ಬೆಳೆದ ದಿಕ್ಕಿಗೆ. ಅದರಿಂದ ಕೂದಲು ತುಂಡಾಗುವುದು ಕಡಿಮೆ. ಬೆಚ್ಚಗಿನ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಆದರೆ ಮನೆಯಲ್ಲಿ ಕಾಯಿಸಿದ ಪಾಕ ಹೊರಗೆ ತಣಿದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ದೇಹದ ಬಿಸಿಗೆ ಇಳಿಯುವವರೆಗೆ ಮುಟ್ಟಬೇಡಿ.

ವ್ಯಾಕ್ಸ್‌ಗೆ ಕೂರುವ ಮುನ್ನ ಬಳಸುತ್ತಿರುವ ಔಷಧಗಳ ಬಗ್ಗೆ ಯೋಚಿಸಿ. ಮೊಡವೆಗೋ ಮುಖದ ಕಾಂತಿಗೋ ಟ್ರೆಟಿನಾಯಿನ್, ಅಡಾಪಲೀನ್‌ನಂಥ ಕ್ರೀಮ್ ಹಚ್ಚುತ್ತಿದ್ದರೆ ಮೇಲ್ಪದರ ತೆಳುವಾಗಿರುತ್ತದೆ. ವ್ಯಾಕ್ಸ್ ಜೊತೆ ಚರ್ಮವೂ ಬರುತ್ತದೆ. ಒಂದು ವಾರ ಮೊದಲೇ ಅದನ್ನು ನಿಲ್ಲಿಸಬೇಕು. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವವರು ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಆರು ತಿಂಗಳವರೆಗೆ ವ್ಯಾಕ್ಸ್ ಮಾಡಿಸಬಾರದು ಎಂದು ಔಷಧದ ಸೂಚನಾಪತ್ರವೇ ಹೇಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಉಬ್ಬಿದ ರಕ್ತನಾಳಗಳಿರುವವರು, ಹತೋಟಿಗೆ ಬಾರದ ಮಧುಮೇಹ ಇರುವವರು ಟ್ರಿಮ್ಮರ್‌ನಲ್ಲಿ ಉಳಿಯುವುದು ಕ್ಷೇಮ.

ದಾರದಿಂದ ಕೀಳುವ ಥ್ರೆಡಿಂಗ್ ಹುಬ್ಬಿಗೆ ಸರಿಸಾಟಿ ಇಲ್ಲದ್ದು. ಸಾಲು ನೇರ ಬರುತ್ತದೆ, ರಾಸಾಯನಿಕವಿಲ್ಲ, ಚರ್ಮದ ಪದರ ಕಿತ್ತು ಬರುವುದಿಲ್ಲ. ಮುಖದ ತೆಳು ಚರ್ಮಕ್ಕೆ ವ್ಯಾಕ್ಸ್‌ಗಿಂತ ಇದನ್ನೇ ಆರಿಸಿ. ಕೆನ್ನೆಯ ನವಿರಾದ ರೋಮವನ್ನು ಮಾತ್ರ ಥ್ರೆಡಿಂಗ್‌ಗೆ ಎಳೆಯದಿರುವುದು ಮೇಲು. ಸಣ್ಣ ಸಣ್ಣ ಗುಳ್ಳೆಗಳು ಏಳುವುದು ಹೆಚ್ಚಾಗಿ ಅಲ್ಲೇ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳದೆ ಕುತ್ತಿಗೆಗೆ ಕಟ್ಟಿಕೊಂಡು ಮಾಡುವವರ ಹತ್ತಿರ ಹೋಗಿ. ಪ್ರತಿಯೊಬ್ಬರಿಗೂ ಹೊಸ ದಾರ ಇರಲೇಬೇಕು. ನರಹುಲಿಯಂಥ ವೈರಸ್ ಸೋಂಕು ಈ ದಾರಿಯಲ್ಲಿ ಹರಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಎಪಿಲೇಟರ್ ಅಂದರೆ ಹತ್ತಾರು ಚಿಮುಟಗಳು ಒಟ್ಟಿಗೆ ತಿರುಗುವ ಯಂತ್ರ. ಎರಡರಿಂದ ಐದು ಮಿಲಿಮೀಟರ್ ಕೂದಲು ಸಾಕು, ಹಾಗಾಗಿ ವ್ಯಾಕ್ಸ್‌ನಂತೆ ವಾರಗಟ್ಟಲೆ ಬೆಳೆಸಿ ಕಾಯಬೇಕಿಲ್ಲ. ಚರ್ಮ ಬಿಗಿಹಿಡಿದು, ಯಂತ್ರವನ್ನು ನೆಟ್ಟಗೆ ಹಿಡಿದು, ನಿಧಾನ ಸರಿಸಬೇಕು. ಅವಸರಪಟ್ಟರೆ ಕೂದಲು ತುಂಡಾಗುತ್ತದೆ. ಮೊದಲ ಸಲದ ನೋವು ನಾಲ್ಕನೆಯ ಸಲಕ್ಕೆ ಬಹಳ ಇಳಿದಿರುತ್ತದೆ. ಕಾಲಿಗೆ ಇದು ದೀರ್ಘಕಾಲಕ್ಕೆ ಒಳ್ಳೆಯ ಕೊಳ್ಳುವಿಕೆ, ತೊಡೆಸಂದಿಗೆ ಬೇಡ. ರಾತ್ರಿ ಮಲಗುವ ಮುಂಚೆ ಬಳಸಿದರೆ ಬೆಳಗಾಗುವಷ್ಟರಲ್ಲಿ ಕೆಂಪು ಇಳಿಯುತ್ತದೆ.

ಮೂಗಿನೊಳಗಿನ ಕೂದಲನ್ನು ಯಾವ ಕಾರಣಕ್ಕೂ ಕೀಳಬೇಡಿ. ಅಲ್ಲಿನ ಸೋಂಕು ರಕ್ತನಾಳಗಳ ಮೂಲಕ ತಲೆಯೊಳಕ್ಕೆ ಹಬ್ಬಬಲ್ಲದು.

ಲೇಸರ್ ಮತ್ತು ಐಪಿಎಲ್

1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ವಿವರಿಸಿದ ತತ್ತ್ವವೊಂದು ಇದರ ಬೇರು: ಸರಿಯಾದ ತರಂಗಾಂತರದ ಬೆಳಕನ್ನು ಸರಿಯಾದ ಅವಧಿಗೆ ಹರಿಸಿದರೆ, ಬಣ್ಣವಿರುವ ಗುರಿ ಮಾತ್ರ ಕಾದು ಸುತ್ತಲಿನದು ಉಳಿಯುತ್ತದೆ. ಇಲ್ಲಿ ಗುರಿ ಕೂದಲಿಗೆ ಬಣ್ಣ ಕೊಡುವ ಮೆಲನಿನ್. ಅದು ಬೆಳಕು ಹೀರಿ ಬಿಸಿಯಾಗಿ, ಕೂದಲು ಹುಟ್ಟಿಸುವ ಕೋಶಗಳನ್ನು ಸುಡುತ್ತದೆ. ಇದರಿಂದ ಎರಡು ಮಾತು ತಾನಾಗಿ ಹೊರಡುತ್ತವೆ. ಬಣ್ಣವಿಲ್ಲದ ಬಿಳಿ, ನರೆತ, ಹೊಂಬಣ್ಣದ ಕೂದಲಿಗೆ ಲೇಸರ್ ಕೆಲಸ ಮಾಡದು. ಮತ್ತು ಮೆಲನಿನ್ ಚರ್ಮದಲ್ಲೂ ಇರುವುದರಿಂದ ಕಪ್ಪು ಚರ್ಮದಲ್ಲಿ ತಪ್ಪು ಯಂತ್ರ ಬಳಸಿದರೆ ಸುಡುವುದು ಚರ್ಮ.

ಆದ್ದರಿಂದ ಕ್ಲಿನಿಕ್‌ನಲ್ಲಿ ಮೊದಲು ಕೇಳಬೇಕಾದದ್ದು ಯಂತ್ರದ ತರಂಗಾಂತರ. 755 ನ್ಯಾನೊಮೀಟರ್‌ನ ಅಲೆಕ್ಸಾಂಡ್ರೈಟ್ ತಿಳಿ ಚರ್ಮಕ್ಕೆ ಚುರುಕು. 800ರಿಂದ 810ರ ಡಯೋಡ್ ಗೋಧಿ ಬಣ್ಣದಿಂದ ಕಂದಿನವರೆಗೆ, ಬೆಳಕಿನ ಪ್ರತಿ ಮಿಡಿತವನ್ನು (ಪಲ್ಸ್) ಉದ್ದವಾಗಿಟ್ಟು ಚರ್ಮ ತಂಪಾಗಿಸುತ್ತ ಮಾಡಿದರೆ, ಚೆನ್ನಾಗಿ ನಡೆಯುತ್ತದೆ. 1064ರ ಎನ್‌ಡಿ ಯಾಗ್ ಆಳಕ್ಕಿಳಿಯುತ್ತದೆ, ಮೇಲ್ಪದರದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಗಾಢ ಕಂದು, ಕಪ್ಪು ಚರ್ಮಕ್ಕೆ ಅದೇ ಸುರಕ್ಷಿತ. ನೋವು ಸ್ವಲ್ಪ ಹೆಚ್ಚು, ಸಣ್ಣ ರೋಮಕ್ಕೆ ಫಲ ಕಡಿಮೆ. ಈ ಪ್ರಶ್ನೆಗೆ ಉತ್ತರ ಕೊಡಲಾಗದ ಜಾಗದಿಂದ ಎದ್ದು ಬನ್ನಿ. ಪರೀಕ್ಷೆಗೆಂದು ಸಣ್ಣ ಜಾಗದಲ್ಲಿ ಹೊಡೆದು ಕೆಲವು ದಿನ ಕಾಯುವ ಅಭ್ಯಾಸ ಅವರಿಗಿದೆಯೇ ಎಂದೂ ಕೇಳಿ.

ಐಪಿಎಲ್ ಲೇಸರ್ ಅಲ್ಲ. ಹಲವು ತರಂಗಾಂತರಗಳು ಬೆರೆತ ಬೆಳಕಿನ ಮಿಂಚು ಅದು. ಮನೆಯಲ್ಲಿ ಬಳಸಲು ಮಾರುವ ಹೆಚ್ಚಿನ ಉಪಕರಣಗಳು ಇದೇ ಜಾತಿ. ಶಕ್ತಿ ಕಡಿಮೆ, ಫಲವೂ ನಿಧಾನ. ಪೆಟ್ಟಿಗೆಯ ಮೇಲಿನ ಚರ್ಮದ ಬಣ್ಣದ ಪಟ್ಟಿಯಲ್ಲಿ ನಿಮ್ಮ ಬಣ್ಣ ಇಲ್ಲದಿದ್ದರೆ ಕೊಳ್ಳಬೇಡಿ. ಬಣ್ಣ ಗುರುತಿಸುವ ಸೆನ್ಸರ್ ಕೆಲಸ ನಿಲ್ಲಿಸಿದರೆ ಅದನ್ನು ಮೋಸಗೊಳಿಸುವ ಉಪಾಯ ಹುಡುಕಬೇಡಿ; ಅದು ನಿಮ್ಮ ಚರ್ಮವನ್ನು ಕಾಯುತ್ತಿದೆ.

ತಯಾರಿ ಹೀಗಿರಲಿ: ನಾಲ್ಕು ವಾರ ಮೊದಲಿಂದ ವ್ಯಾಕ್ಸ್, ಥ್ರೆಡಿಂಗ್, ಚಿಮುಟ ಯಾವುದೂ ಬೇಡ. ಬುಡವೇ ಇಲ್ಲದಿದ್ದರೆ ಬೆಳಕಿಗೆ ಗುರಿಯೇ ಇಲ್ಲ, ಕೊಟ್ಟ ಹಣ ವ್ಯರ್ಥ. ಹಿಂದಿನ ದಿನ ಬೋಳಿಸಿ ಹೋಗಬೇಕು. ಬಿಸಿಲಿಗೆ ಚರ್ಮ ಕಂದಿದ್ದರೆ ಮುಂದೂಡಬೇಕು. ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಬರುವ ಅಭ್ಯಾಸವಿದ್ದರೆ ಮೊದಲೇ ಹೇಳಿ, ವೈದ್ಯರು ಮಾತ್ರೆ ಕೊಡುತ್ತಾರೆ. ಮರಗಟ್ಟಿಸುವ ಕ್ರೀಮನ್ನು ಇಡೀ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವುದು ಪ್ರಾಣಕ್ಕೇ ಅಪಾಯ. ಅದರಲ್ಲಿರುವ ಲಿಡೊಕೇನ್ ರಕ್ತಕ್ಕೆ ಸೇರಿ ಸೆಳವು ತರಬಹುದು, ಹೃದಯದ ಬಡಿತ ತಪ್ಪಿಸಬಹುದು. ಕಣ್ಣಿನ ಎಲುಬಿನ ಅಂಚಿನೊಳಗೆ, ಹಚ್ಚೆಯ ಮೇಲೆ, ಮಚ್ಚೆಯ ಮೇಲೆ ಲೇಸರ್ ಹೊಡೆಸಬಾರದು. ಗರ್ಭಿಣಿಯರು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಲಿ.

ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಮೈಗೆ ಆರರಿಂದ ಎಂಟು ವಾರಕ್ಕೊಮ್ಮೆ, ಒಟ್ಟು ಆರರಿಂದ ಎಂಟು ಸಲ ಬೇಕಾಗುತ್ತದೆ. ಮಾಡಿಸಿದ ಕೂಡಲೇ ಕೂದಲಿನ ಬುಡದ ಸುತ್ತ ಸಣ್ಣ ಉಬ್ಬು, ಕೆಂಪು ಕಂಡರೆ ಅದು ಒಳ್ಳೆಯ ಲಕ್ಷಣ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಚರ್ಮ ಬೂದು ಬಣ್ಣಕ್ಕೆ ತಿರುಗಿದರೆ, ನೀರುಗುಳ್ಳೆ ಎದ್ದರೆ ಸುಟ್ಟಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು. ಒಂದರಿಂದ ಮೂರು ವಾರದವರೆಗೆ ಕೂದಲು ಬೆಳೆಯುತ್ತಿರುವಂತೆ ಕಾಣುತ್ತದೆ. ಸತ್ತ ಕೂದಲು ಹೊರಬರುವ ಪರಿ ಅದು; ಕೀಳದೆ ಬಿಡಿ.

‘ಶಾಶ್ವತ’ ಎಂಬ ಜಾಹೀರಾತಿನ ಮಾತನ್ನು ಅಳೆದು ನೋಡಬೇಕು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸರ್‌ಗೆ ಕೊಟ್ಟಿರುವ ಒಪ್ಪಿಗೆ ಕೂದಲನ್ನು ಶಾಶ್ವತವಾಗಿ ಕಡಿಮೆ ಮಾಡುವುದಕ್ಕೆ, ಪೂರ್ತಿ ಇಲ್ಲವಾಗಿಸುವುದಕ್ಕಲ್ಲ. ವರ್ಷಕ್ಕೊಂದೆರಡು ಸಲ ಮತ್ತೆ ಹೋಗಬೇಕಾಗುವುದು ಸಾಮಾನ್ಯ. ಇನ್ನೊಂದು ಅಪಾಯವನ್ನು ಕ್ಲಿನಿಕ್‌ಗಳು ತಾವಾಗಿ ಹೇಳುವುದು ಕಡಿಮೆ: ಕೆಲವರಲ್ಲಿ, ಹೆಚ್ಚಾಗಿ ಕಂದು ಚರ್ಮದ ಹೆಂಗಸರ ಕೆನ್ನೆ, ಗದ್ದ, ಕುತ್ತಿಗೆಯಲ್ಲಿ, ಲೇಸರ್ ಆದ ಮೇಲೆ ಕೂದಲು ಮೊದಲಿಗಿಂತ ಹೆಚ್ಚುತ್ತದೆ. ನವಿರು ರೋಮಕ್ಕೆ ಕಡಿಮೆ ಶಕ್ತಿಯ ಬೆಳಕು ಬಿದ್ದಾಗ ಬುಡ ಸಾಯದೆ ಎಚ್ಚೆತ್ತುಕೊಳ್ಳುತ್ತದೆ ಎಂಬುದು ಈಗಿರುವ ವಿವರಣೆ. ಆದ್ದರಿಂದ ಕೆನ್ನೆಯ ತೆಳು ರೋಮಕ್ಕೆ ಲೇಸರ್ ಬೇಡ ಎನ್ನುತ್ತೇವೆ. ಕಂಕುಳು, ತೊಡೆಸಂದು, ಮೀನಖಂಡ – ಕಪ್ಪಗೆ ದಪ್ಪಗೆ ಕೂದಲಿರುವ ಈ ಜಾಗಗಳಲ್ಲಿ ಮಾತ್ರ ಅದರಷ್ಟು ಚೆನ್ನಾಗಿ ಬೇರೇನೂ ಕೆಲಸ ಮಾಡದು. ಕಂಕುಳಲ್ಲಿ ವರ್ಷಗಟ್ಟಲೆ ರೇಜರ್ ಎಳೆದು ಚರ್ಮ ಕಪ್ಪಾದವರಿಗೆ ಆ ಉಜ್ಜಾಟ ನಿಲ್ಲುವುದೇ ದೊಡ್ಡ ಲಾಭ.

ಎಲೆಕ್ಟ್ರೋಲಿಸಿಸ್

1875ರಲ್ಲಿ ಚಾರ್ಲ್ಸ್ ಮಿಷೆಲ್ ಎಂಬ ಕಣ್ಣಿನ ವೈದ್ಯರು ಒಳಕ್ಕೆ ಬಾಗಿದ ರೆಪ್ಪೆಗೂದಲಿಗೆಂದು ಇದನ್ನು ದಾಖಲಿಸಿದರು. ಕೂದಲಿನ ಕೋಶದೊಳಕ್ಕೆ ಎಳೆಯಂಥ ಸೂಜಿ ಇಳಿಸಿ ವಿದ್ಯುತ್ ಹರಿಸುತ್ತಾರೆ. ನೇರ ವಿದ್ಯುತ್ತಾದರೆ ಅಲ್ಲೇ ಕ್ಷಾರ ಹುಟ್ಟಿ ಬುಡವನ್ನು ಕೊಲ್ಲುತ್ತದೆ, ಅಧಿಕ ಆವರ್ತನದ್ದಾದರೆ ಶಾಖ ಕೊಲ್ಲುತ್ತದೆ. ಎರಡನ್ನೂ ಬೆರೆಸುವ ವಿಧಾನವೂ ಇದೆ. ಕೂದಲಿನ ಬಣ್ಣ, ಚರ್ಮದ ಬಣ್ಣ ಯಾವುದೂ ಇಲ್ಲಿ ಅಡ್ಡಿಯಲ್ಲ. ನರೆತ ಗಡ್ಡದೆಳೆಗಳಿಗೆ ಇದೊಂದೇ ಶಾಶ್ವತ ದಾರಿ.

ಬೆಲೆ ತೆರುವುದು ಸಮಯದಲ್ಲಿ. ಒಂದೊಂದೇ ಕೂದಲು, ಹದಿನೈದು ನಿಮಿಷದಿಂದ ಒಂದು ಗಂಟೆಯ ಕೂರುವಿಕೆ, ಗದ್ದವೊಂದಕ್ಕೇ ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ಕೆಲಸ ಸರಿಯಾಗಿದೆಯೇ ಎಂದು ಕೂತಲ್ಲೇ ತಿಳಿಯುವ ಗುರುತೊಂದಿದೆ: ಬುಡ ಸತ್ತ ಕೂದಲು ಚಿಮುಟಕ್ಕೆ ಜಾರಿ ಬರುತ್ತದೆ. ಕಿತ್ತಂತೆ ಜಗ್ಗಿದ ಅನುಭವವಾದರೆ ಅದು ಬರೀ ಕಿತ್ತದ್ದು, ಮತ್ತೆ ಬೆಳೆಯುತ್ತದೆ. ಸೂಜಿ ಪ್ರತಿ ಸಲವೂ ಮುಚ್ಚಿದ ಪೊಟ್ಟಣದಿಂದಲೇ ಬರಬೇಕು. ಆಮೇಲೆ ಕಟ್ಟುವ ಸಣ್ಣ ಹಕ್ಕಳೆಗಳನ್ನು ಕೀಳಬಾರದು, ಕಲೆ ಉಳಿಯುವುದು ಹಾಗೆ. ಪೇಸ್‌ಮೇಕರ್ ಇರುವವರಿಗೆ ಇದು ಬೇಡ.

ಹೆಂಗಸರ ಗದ್ದದ ಕೂದಲು

ಗದ್ದ, ಎದೆ, ಹೊಟ್ಟೆಯ ನಡುಗೆರೆಯಲ್ಲಿ ಗಂಡಸರಂತೆ ದಪ್ಪ ಕೂದಲು ಬರುತ್ತಿದ್ದರೆ ವಿಧಾನ ಆರಿಸುವ ಮುನ್ನ ಕಾರಣ ತಿಳಿಯಬೇಕು. ಮುಟ್ಟು ಏರುಪೇರಾಗುವುದು, ಮೊಡವೆ, ತೂಕ ಏರುವುದು ಜೊತೆಗಿದ್ದರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇರಬಹುದು. ಕೆಲವೇ ತಿಂಗಳಲ್ಲಿ ಕೂದಲು ದಿಢೀರನೆ ಹೆಚ್ಚಿ, ದನಿ ಗಡುಸಾಗಿ, ನೆತ್ತಿಯ ಕೂದಲು ಉದುರತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಾರ್ಮೋನ್ ಮಾತ್ರೆಗಳ ಫಲ ಕಾಣಲು ಆರು ತಿಂಗಳಾದರೂ ಬೇಕು. ಚಿಕಿತ್ಸೆಯಿಲ್ಲದೆ ಬರೀ ಲೇಸರ್ ಮಾಡಿಸುತ್ತಿದ್ದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಎಫ್ಲಾರ್ನಿಥಿನ್ 13.9 ಶೇಕಡಾ ಕ್ರೀಮ್ ಸಿಗುವ ಕಡೆ ಅದೂ ನೆರವಾಗುತ್ತದೆ. ದಿನಕ್ಕೆರಡು ಸಲ ಹಚ್ಚಿದರೆ ಎಂಟು ವಾರದಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ನಿಲ್ಲಿಸಿದರೆ ಮೊದಲಿನಂತಾಗುತ್ತದೆ.

ಇಲ್ಲಿ ನಮ್ಮ ಸಲಹೆ ಹೀಗಿದೆ: ಹತ್ತಿಪ್ಪತ್ತು ದಪ್ಪ ಕೂದಲಾದರೆ ಎಲೆಕ್ಟ್ರೋಲಿಸಿಸ್. ಗದ್ದ ತುಂಬ ಕಪ್ಪು ಕೂದಲಾದರೆ ವೈದ್ಯರ ಚಿಕಿತ್ಸೆಯ ಜೊತೆ ಲೇಸರ್, ಕೊನೆಗುಳಿದವಕ್ಕೆ ಎಲೆಕ್ಟ್ರೋಲಿಸಿಸ್. ನಡುವಿನ ದಿನಗಳಲ್ಲಿ ರೇಜರ್ ಅಥವಾ ಟ್ರಿಮ್ಮರ್. ದಿನಾ ಕನ್ನಡಿ ಮುಂದೆ ಚಿಮುಟ ಹಿಡಿಯುವ ಅಭ್ಯಾಸವೇ ಗದ್ದದ ಹೆಚ್ಚಿನ ಕಪ್ಪು ಕಲೆಗಳಿಗೆ ಕಾರಣ. ಹೆಂಗಸರು ಮುಖಕ್ಕೆ ರೇಜರ್ ಮುಟ್ಟಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆಮೇಲಿನ ಆರೈಕೆ

ಯಾವುದೇ ವಿಧಾನವಾದರೂ ಮೊದಲ 24 ಗಂಟೆ ಬಿಸಿನೀರು, ಬೆವರಿಳಿಸುವ ವ್ಯಾಯಾಮ, ಈಜು, ಸುಗಂಧದ ಲೋಷನ್, ಬಿಗಿ ಬಟ್ಟೆ ಬಿಡಿ. ತಣ್ಣನೆಯ ಒದ್ದೆ ಬಟ್ಟೆ ಒತ್ತಿದರೆ ಉರಿ ಇಳಿಯುತ್ತದೆ. ಬಿಸಿಲು ಬೀಳುವ ಜಾಗಕ್ಕೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚದಿದ್ದರೆ ಕಲೆ ಕೂರುವುದು ಬೇಗ.

ಒಳಗೆ ಸಿಕ್ಕಿದ ಕೂದಲು ಬರುವವರು ಎರಡು ದಿನ ಬಿಟ್ಟು, ವಾರಕ್ಕೆ ಎರಡು ಮೂರು ಸಲ ಸ್ಯಾಲಿಸಿಲಿಕ್ ಅಥವಾ ಗ್ಲೈಕಾಲಿಕ್ ಆಮ್ಲವಿರುವ ಲೋಷನ್ ಹಚ್ಚಬಹುದು. ಸತ್ತ ಪದರ ಸಡಿಲವಾಗಿ ಕೂದಲಿಗೆ ದಾರಿ ಸಿಗುತ್ತದೆ. ಒರಟು ಸ್ಕ್ರಬ್ ಉಜ್ಜುವುದರಿಂದ ಉರಿಯೂತವೇ ಹೆಚ್ಚುತ್ತದೆ. ಸೂಜಿಯಿಂದ ಅಗೆಯಬೇಡಿ. ಕೂದಲಿನ ಕುಣಿಕೆ ಮೇಲೆ ಕಾಣುತ್ತಿದ್ದರೆ ಶುದ್ಧ ಚಿಮುಟದಿಂದ ಅದನ್ನು ಬಿಡಿಸಿ ಮೇಲಕ್ಕೆತ್ತಿ, ಕೀಳದೆ ಹಾಗೇ ಬಿಡಿ. ಕಿತ್ತರೆ ಮುಂದಿನ ಕೂದಲೂ ಅದೇ ಜಾಗದಲ್ಲಿ ಒಳಗೇ ಸಿಕ್ಕಿಕೊಳ್ಳಬಹುದು. ಗುಳ್ಳೆ ದೊಡ್ಡದಾಗಿ, ಬಿಸಿಯಾಗಿ, ಕೀವು ತುಂಬಿದರೆ ಅಥವಾ ಜ್ವರ ಬಂದರೆ ಅದು ಚರ್ಮವೈದ್ಯರಿಗೆ ತೋರಿಸಬೇಕಾದ ಸೋಂಕು.